ಅರವತ್ತು ಎಂಟಾಗದಂತೆ ಕಾಯುವ ಕಿವಿ

ಬೆಳಗಿನ ಆರೂಕಾಲು. ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶದ ಎರಡನೇ ಫೇಸ್‌ನಲ್ಲಿ ಜನರೇಟರ್‌ಗಳು ಇನ್ನೂ ಬಾಯಿ ತೆರೆದಿಲ್ಲ. ಎದುರಿನ ಕಸೂತಿ ಕಾರ್ಖಾನೆಯ ಶಟರ್ ಕೆಳಗಿದೆ. ಮುದ್ರಣಾಲಯದ ಮುಂದೆ ಕಾಗದದ ರೀಲು ಹೊತ್ತ ಟೆಂಪೊ ನಿಂತಿದ್ದು, ಚಾಲಕ ಒಳಗೇ ನಿದ್ದೆ ಹೋಗಿದ್ದಾನೆ. ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಚಂದ್ರಪ್ರಭಾ ಫ್ಯಾನ್ ಆರಿಸುತ್ತಾರೆ, ಬಾಗಿಲು ಎಳೆದುಕೊಳ್ಳುತ್ತಾರೆ, ಬಳೆ ತೆಗೆದು ಡ್ರಾಯರಿಗೆ ಹಾಕುತ್ತಾರೆ. ರಿಸೀವರನ್ನು ಬಲಗಿವಿಗೆ ಇಟ್ಟುಕೊಂಡು, ಮಲಗಿದ ಮಗುವಿನ ಪಕ್ಕ ಕೂತು ಮಾತಾಡುವ ದನಿಯಲ್ಲಿ ಹಿಂದಿ ಅಂಕಿಗಳನ್ನು ಶುರು ಮಾಡುತ್ತಾರೆ: "ಸಾತ್. ಸಾಠ್. ಸತ್ತರ್. ಸೌ." ಆಮೇಲೆ ನಾಲ್ಕು ಸೆಕೆಂಡ್ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಅವೇ ಮಾತುಗಳು ಅವರದೇ ದನಿಯಲ್ಲಿ ಮರಳಿ ಬರುತ್ತವೆ. ಕಣ್ಣು ಮುಚ್ಚಿ ಕೇಳುತ್ತಾರೆ. ಹೇಳಿದ್ದಕ್ಕೂ ಕೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎನ್ನಿಸಿದರೆ ಮಾತ್ರ ಎದುರಿನ ಪುಟ್ಟ ಪೆಟ್ಟಿಗೆಯ ಬೆನ್ನಿಗೆ ಹಸಿರು ಚೀಟಿ ಅಂಟಿಸಿ, ಅದರ ಮೇಲೆ ಕನ್ನಡದಲ್ಲಿ 'ಚಂ' ಎಂದು ಬರೆಯುತ್ತಾರೆ.

ಆ ಪೆಟ್ಟಿಗೆ ಅಂಗೈ ಅಗಲದ್ದು. ಒಂದು ಕಡೆ ಮನೆಯ ಮಾಮೂಲಿ ಫೋನಿನ ತಂತಿ ಸಿಕ್ಕಿಸಬೇಕು, ಇನ್ನೊಂದು ಕಡೆ ಇಂಟರ್ನೆಟ್ ತಂತಿ. ಆಗ ಫೋನಿನಲ್ಲಿ ಆಡಿದ ಮಾತು ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗದೆ, ಚೂರುಚೂರಾಗಿ ಇಂಟರ್ನೆಟ್ಟಿನಲ್ಲಿ ಹರಿದು, ಆ ತುದಿಯ ಇನ್ನೊಂದು ಪೆಟ್ಟಿಗೆಯಲ್ಲಿ ಮತ್ತೆ ಮಾತಾಗಿ ಕೂಡಿಕೊಳ್ಳುತ್ತದೆ. ಊರೂರಿನಲ್ಲಿ ಶಾಖೆ ಇಟ್ಟುಕೊಂಡ ಕಚೇರಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಇವನ್ನು ಕೊಳ್ಳುತ್ತವೆ. ಹರ್ಮೀತ್ ಛಾಬ್ರಾ ಅವರ ಮೂವತ್ತೆರಡು ಜನರ ಈ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವವರು, ಬೆಸುಗೆ ಹಾಕುವವರು, ಪ್ಯಾಕ್ ಮಾಡುವವರು ಎಲ್ಲ ಇದ್ದಾರೆ. ಕೇಳುವವರು ಮಾತ್ರ ಒಬ್ಬರೇ. ದಿನಕ್ಕೆ ನೂರ ಅರವತ್ತು ಪೆಟ್ಟಿಗೆಗಳು ನಲವತ್ತಾರರ ಚಂದ್ರಪ್ರಭಾ ಅವರ ಕಿವಿಯನ್ನು ಹಾದು ಹೋಗುತ್ತವೆ. ಒಂದೊಂದಕ್ಕೂ ಎರಡು ನಿಮಿಷ. ಪಕ್ಕದ ಯಂತ್ರಗಳು ಸದ್ದು ಹಿಡಿಯುವುದರೊಳಗೆ ಕಾಲುಭಾಗ ಕೆಲಸವಾದರೂ ಮುಗಿದಿರಬೇಕೆಂದು, ಘಾಜಿಯಾಬಾದಿನ ಬಾಡಿಗೆ ಮನೆಯಿಂದ ಐದು ಗಂಟೆಯ ಶಟಲ್ ರೈಲು ಹತ್ತಿ ಬರುತ್ತಾರೆ.

ಅವರ ಕೋಣೆ ಪ್ಲೈವುಡ್ಡಿನದು. ನಾಲ್ಕೂ ಗೋಡೆಗೆ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು ಬಿಗಿದಿದ್ದಾರೆ, ದೆಹಲಿಯ ಚಳಿಗೆ ಜನ ಹೊದ್ದು ಸವೆಸಿದ ಹತ್ತಿಯ ಕೌದಿಗಳು. ಹೊರಗಿನ ಸದ್ದು ಅವುಗಳಲ್ಲಿ ಇಂಗುತ್ತದೆ. ಜನವರಿಯಲ್ಲಿ ಅದು ಇಡೀ ಕಾರ್ಖಾನೆಯಲ್ಲೇ ಬೆಚ್ಚನೆಯ ಜಾಗ. ಮೇ ತಿಂಗಳಲ್ಲಿ ಫ್ಯಾನಿನ ಗಾಳಿಯೂ ರಿಸೀವರಿಗೆ ಕೇಳುತ್ತದೆಂದು ಅದನ್ನು ಆರಿಸಿ ಕೂತರೆ ಇಪ್ಪತ್ತು ನಿಮಿಷಕ್ಕೆ ಸೀರೆ ಮೈಗಂಟುತ್ತದೆ. "ಇಪ್ಪತ್ತು ನಿಮಿಷ ಒಳಗೆ, ಐದು ನಿಮಿಷ ಹೊರಗೆ. ಬೇಸಿಗೇಲಿ ಹಂಗೇ ಲೆಕ್ಕ ಇಟ್ಕೊಂಡಿದೀನಿ," ಎನ್ನುತ್ತಾರೆ ಚಂದ್ರಪ್ರಭಾ. "ಬೆವರು ಒರೆಸ್ಕೊಬಹುದು. ಕಿವಿಗೆ ಬೇಜಾರು ಬಂದ್ರೆ ಏನೂ ಮಾಡಕ್ಕಾಗಲ್ಲ."

ಫೋನಿನ ಸಹವಾಸ ಅವರಿಗೆ ಹೊಸದಲ್ಲ. ಇಪ್ಪತ್ತರ ವಯಸ್ಸಿಗೆ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಎಂಟು ಹೊರಲೈನು, ಅರವತ್ತು ಒಳಲೈನು. ಯಾರ ದನಿ ಯಾವ ವಿಭಾಗದ್ದೆಂದು ಹಲೋ ಅಂದ ಕೂಡಲೇ ಗೊತ್ತಾಗುತ್ತಿತ್ತು. ಅದೇ ಗಿರಣಿಯಲ್ಲಿ ಮಗ್ಗದ ಫಿಟ್ಟರ್ ಆಗಿದ್ದ ಮಲ್ಲಿಕಾರ್ಜುನ ಅವರನ್ನು ಮದುವೆಯಾದರು. ತೊಂಬತ್ತರ ದಶಕದ ನಡುವಿನಲ್ಲಿ ಗಿರಣಿ ಮುಚ್ಚಿತು. ಅಲ್ಲಿನ ಹಳೆಯ ಮೇಲ್ವಿಚಾರಕರೊಬ್ಬರು ಓಖ್ಲಾದ ಸಿದ್ಧ ಉಡುಪು ಕಾರ್ಖಾನೆ ಸೇರಿಕೊಂಡಿದ್ದರು. ಹೊಲಿಗೆ ಯಂತ್ರ ರಿಪೇರಿಗೆ ಜನ ಬೇಕೆಂದು ಅವರು ಕರೆದಾಗ ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು ಸಂಯುಕ್ತಾ ಮೂವರೂ ದೆಹಲಿಗೆ ಬಂದರು. ಅದು ೧೯೯೭.

ಚಂದ್ರಪ್ರಭಾ ಅವರಿಗೂ ಅಲ್ಲೇ ಕೆಲಸ ಸಿಕ್ಕಿತು, ಹೊಲಿದ ಅಂಗಿಗಳಲ್ಲಿ ಉಳಿದ ದಾರದ ತುದಿ ಕತ್ತರಿಸುವುದು. ಕೆಲಸ ಸುಲಭ, ಹಿಂದಿ ಕಷ್ಟ. ಅದರಲ್ಲೂ ಅಂಕಿಗಳು. "ನಮ್ಮಲ್ಲಿ ಐವತ್ತೊಂಬತ್ತು ಅಂದ್ರೆ ಐವತ್ತರ ಮೇಲೆ ಒಂಬತ್ತು, ಮಗೂಗೂ ಗೊತ್ತಾಗುತ್ತೆ. ಇವರದು ಹಂಗಲ್ಲ. ಉನ್‌ಸಠ್ ಅಂದ್ರೆ ಐವತ್ತೊಂಬತ್ತು, ಉನ್‌ಹತ್ತರ್ ಅಂದ್ರೆ ಅರವತ್ತೊಂಬತ್ತು. ನೂರಕ್ಕೆ ನೂರೂ ಬೇರೆ ಬೇರೆ ಹೆಸರು." ಒಮ್ಮೆ ಐವತ್ತೊಂಬತ್ತು ಅಂಗಿಯ ಕಟ್ಟು ಮಾಡಲು ಹೇಳಿದ್ದಕ್ಕೆ ಅರವತ್ತೊಂಬತ್ತು ಕಟ್ಟಿ, ಎಲ್ಲರ ಮುಂದೆ ಬೈಸಿಕೊಂಡರು. ಅವತ್ತು ಸಂಜೆ ಮಗಳ ನೋಟ್‌ಪುಸ್ತಕವೊಂದನ್ನು ತೆಗೆದುಕೊಂಡು ಒಂದರಿಂದ ನೂರರವರೆಗೆ ಹಿಂದಿ ಅಂಕಿಗಳನ್ನು ಕನ್ನಡ ಅಕ್ಷರದಲ್ಲಿ ಬರೆದರು. ಒಂದಕ್ಕೊಂದು ಹತ್ತಿರ ಕೇಳಿಸುವವಕ್ಕೆ ಕೆಂಪು ಗೀಟು ಎಳೆದರು. ಮೂರು ತಿಂಗಳು ರೈಲಿನಲ್ಲಿ ಬಾಯಿಪಾಠ ಮಾಡಿದರು.

೨೦೦೩ರಲ್ಲಿ ಅದೇ ಕಟ್ಟಡದ ಮೇಲಿನ ಮಹಡಿಗೆ ಛಾಬ್ರಾ ಬಂದರು. ಕೆಳಗಿನ ಉಡುಪು ಕಾರ್ಖಾನೆಗೆ ಇಂಟರ್ನೆಟ್ ಫೋನ್ ಹಾಕಿಕೊಟ್ಟು, ಹೇಗಿದೆ ಎಂದು ಕೇಳಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ಊಟದ ಹೊತ್ತಿನಲ್ಲಿ ಫೋನ್ ನೋಡಿಕೊಳ್ಳುತ್ತಿದ್ದ ಚಂದ್ರಪ್ರಭಾ ಮಾತ್ರ, ನನ್ನ ಮಾತೇ ನನಗೆ ಅರೆಕ್ಷಣ ತಡವಾಗಿ ಕೇಳುತ್ತದೆ, ಆದರೆ ಆ ತುದಿಯವರಿಗೆ ರಿಸೀವರನ್ನು ಕಿವಿಗೆ ಒತ್ತಿ ಹಿಡಿಯಲು ಹೇಳಿದಾಗ ನಿಲ್ಲುತ್ತದೆ ಎಂದರು. ಛಾಬ್ರಾ ಹೋಗಿ ನೋಡಿದರೆ ಆ ತುದಿಯ ರಿಸೀವರಿನದೇ ದೋಷ. ಮರುವಾರ ಅವರನ್ನು ಮೇಲಿನ ಮಹಡಿಗೆ ಕರೆದುಕೊಂಡರು. "ಲಕ್ಷಗಟ್ಟಲೆಯ ಯಂತ್ರ ಇದೆ ನನ್ನ ಹತ್ತಿರ. ಅದು ಅಂಕ ಕೊಡುತ್ತದೆ. ಪ್ರಭಾಜಿ ಕಾರಣ ಹೇಳುತ್ತಾರೆ," ಎಂದು ಅವರು ಈಗಲೂ ಬಂದವರಿಗೆಲ್ಲ ಪರಿಚಯಿಸುತ್ತಾರೆ.

ಆದರೆ ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ವಾರ, ಯಂತ್ರ ಒಂದು ಹೇಳಿತು, ಪ್ರಭಾಜಿ ಇನ್ನೊಂದು ಹೇಳಿದರು.

ಘಾಜಿಯಾಬಾದ್ ಕಡೆಯ ಒಂದು ಆಸ್ಪತ್ರೆಗೆ ಸುತ್ತಲಿನ ಹಳ್ಳಿ ಪಟ್ಟಣಗಳಲ್ಲಿ ಹನ್ನೊಂದು ಸಣ್ಣ ಚಿಕಿತ್ಸಾಲಯಗಳಿದ್ದವು. ಅಲ್ಲಿ ಇರುತ್ತಿದ್ದವರು ನರ್ಸ್‌ಗಳು ಮಾತ್ರ. ಅವರು ದೊಡ್ಡಾಸ್ಪತ್ರೆಯ ವೈದ್ಯರನ್ನು ಕೇಳಿ ಔಷಧಿ ಕೊಡಲೆಂದು, ಆಸ್ಪತ್ರೆಯ ಎಲ್ಲ ವಾರ್ಡುಗಳಿಗೂ ಸೇರಿ, ನಾಲ್ಕುನೂರು ಪೆಟ್ಟಿಗೆಗಳ ಆರ್ಡರ್ ಬಂದಿತ್ತು. ಹಳ್ಳಿಯ ಇಂಟರ್ನೆಟ್ ಲೈನು ಸಪೂರ. ಅದಕ್ಕಾಗಿ ಈ ಸಲ ಹೊಸ ಚಿಪ್ ಹಾಕಿದ್ದರು. ಮಾತಿನ ನಡುವೆ ಮೌನವಿದ್ದಾಗ ಅದು ಏನನ್ನೂ ಕಳಿಸದೆ ಬಾಗಿಲು ಮುಚ್ಚಿಕೊಳ್ಳುತ್ತದೆ, ದನಿ ಬಂದ ಕೂಡಲೇ ತೆರೆಯುತ್ತದೆ. ಅದರಿಂದ ಒಂದು ಕರೆ ಹಿಡಿಸುವ ಲೈನಿನಲ್ಲಿ ಎರಡು ಹಿಡಿಸುತ್ತವೆ. ಹಾಸನ ಕಡೆಯ ಇಂಜಿನಿಯರ್ ಕಾರ್ತಿಕೇಯ ಎರಡು ತಿಂಗಳು ಕೂತು ಅದನ್ನು ಹೊಂದಿಸಿದ್ದರು. ಪರೀಕ್ಷಾ ಯಂತ್ರ ಒಳ್ಳೆಯ ಅಂಕವನ್ನೇ ಕೊಟ್ಟಿತ್ತು. ಶುಕ್ರವಾರ ಲಾರಿ ಬರುವುದಿತ್ತು.

ಸೋಮವಾರ ಬೆಳಿಗ್ಗೆ ಮೊದಲ ಟ್ರೇಯ ಮೊದಲ ಪೆಟ್ಟಿಗೆ. ಚಂದ್ರಪ್ರಭಾ ತಮ್ಮ ಹಳೆಯ ಪಟ್ಟಿಯ ಕೆಂಪು ಗೀಟಿನ ಅಂಕಿಗಳನ್ನು ಮೆಲ್ಲಗೆ ಓದಿದರು. ಸಾಠ್ ಎಂದರು, ಅರವತ್ತು. ಮರಳಿ ಬಂದದ್ದು ಆಠ್, ಎಂಟು. ಸಾತ್ ಎಂದರು, ಏಳು. ಮರಳಿ ಬಂದದ್ದೂ ಎಂಟರ ಹಾಗೇ ಇತ್ತು. ಗಟ್ಟಿಯಾಗಿ ಹೇಳಿದರೆ ಸರಿಯಾಗಿ ಬರುತ್ತಿತ್ತು. ಇಪ್ಪತ್ತು ಪೆಟ್ಟಿಗೆಗಳಲ್ಲಿ ಇಪ್ಪತ್ತೂ ಹಾಗೆಯೇ. ಒಂದಕ್ಕೂ ಚೀಟಿ ಅಂಟಿಸದೆ ಟ್ರೇಯನ್ನು ಪಕ್ಕಕ್ಕಿಟ್ಟು ಕಾರ್ತಿಕೇಯ ಅವರನ್ನು ಕರೆದರು.

ಅವರು ಬಂದು ಕೇಳಿದರು. "ನನಗೆ ಸರಿಯಾಗೇ ಕೇಳ್ತಾ ಇದೆ ಮೇಡಂ."

"ನೀವು ಸಾಠ್ ಅಂತ ಹೇಳಿ, ಸಾಠ್ ಬರುತ್ತೆ ಅಂತ ಕಾಯ್ತಾ ಕೇಳಿದ್ರಿ. ನಿಮ್ಮ ಮನಸ್ಸು ತುಂಬಿಕೊಳ್ತು."

"ಯಂತ್ರಕ್ಕೆ ಮನಸ್ಸಿಲ್ಲವಲ್ಲ. ಅದೂ ಪಾಸ್ ಅಂತಿದೆ."

"ಯಂತ್ರ ಗಟ್ಟಿಯಾಗಿ ಕೂಗಿ ಕೇಳುತ್ತೆ. ರೋಗಿ ಪಕ್ಕ ಕೂತ ನರ್ಸ್ ಕೂಗ್ತಾಳಾ?"

ವಿಷಯ ಛಾಬ್ರಾ ಅವರ ಕೋಣೆಗೆ ಹೋಯಿತು. ಅವರೂ ಕೇಳಿದರು, ಅವರಿಗೂ ಸರಿಯೆನ್ನಿಸಿತು. ಲಾರಿಯ ಚಿಂತೆ ಅವರಿಗೆ. ಬೇಕಿದ್ದರೆ ಪ್ರತಿ ಪೆಟ್ಟಿಗೆಯ ಜೊತೆ, ದಯವಿಟ್ಟು ಗಟ್ಟಿಯಾಗಿ ಮಾತಾಡಿ ಎಂದು ಒಂದು ಕಾಗದ ಅಚ್ಚು ಹಾಕಿಸಿ ಇಡೋಣ ಎಂದರು. ಚಂದ್ರಪ್ರಭಾ ಒಪ್ಪಲಿಲ್ಲ. ಕೂಗಿ ಹೇಳುವುದಾದರೆ ಫೋನ್ ಯಾಕೆ ಸಾಹೇಬರೇ ಎಂದು ಕೇಳಿದ್ದು ಛಾಬ್ರಾಗೆ ಇಷ್ಟವಾಗಲಿಲ್ಲ. ಅವರು ದನಿ ಏರಿಸಲಿಲ್ಲ. "ಪ್ರಭಾಜಿ, ನಲವತ್ತೈದು ದಾಟಿದ ಮೇಲೆ ಎಲ್ಲರ ಕಿವಿಯೂ ಬದಲಾಗುತ್ತದೆ. ಯೋಚನೆ ಮಾಡಿ," ಎಂದಷ್ಟೇ ಹೇಳಿದರು.

ಆ ಮಾತು ಒಳಗೆ ಇಳಿಯಿತು. ವಯಸ್ಸಾದಂತೆ ಮೊದಲು ಹೋಗುವುದೇ ಸ, ಶದಂಥ ಸಣ್ಣ ಸದ್ದುಗಳು ಎಂದು ಅವರೂ ಕೇಳಿದ್ದರು. ಮನೆಗೆ ಬಂದವರೇ ಕುಕ್ಕರಿನ ಸದ್ದು, ನಲ್ಲಿಯ ಸದ್ದು ಎಲ್ಲವನ್ನೂ ನಿಂತು ಕೇಳತೊಡಗಿದರು. "ನಾನೇ ತಪ್ಪಿದ್ರೆ? ನಾನ್ನೂರು ಪೆಟ್ಟಿಗೆ ತಡೆದು ಕೂತಿದೀನಿ. ಅಷ್ಟು ಜನರ ಕೆಲಸ ನಿಲ್ಲಿಸಿದೀನಿ," ಎಂದು ಗಂಡನ ಹತ್ತಿರ ಹೇಳಿಕೊಂಡರು. "ಮಗ್ಗದಲ್ಲಿ ಎಳೆ ತಪ್ಪಿದ್ರೆ ನಾನು ಕಣ್ಣೊಂದನ್ನೇ ನಂಬದೆ ಕೈಯಲ್ಲೂ ಮುಟ್ಟಿ ನೋಡ್ತಿದ್ದೆ. ನೀನೂ ಪರೀಕ್ಷೆ ಮಾಡಿಸ್ಕೊ," ಎಂದರು ಮಲ್ಲಿಕಾರ್ಜುನ. ಆಗ ಕಾಲೇಜು ಸೇರಿದ್ದ ಸಂಯುಕ್ತಾ ಮಾತು ಮುಗಿಸಿದಳು: "ಸಿಂಪಲ್ ಹೈ ಮಮ್ಮಿ. ನಾಳೆ ಚೆಕ್ ಮಾಡಿಸೋಣ, ನಾನೂ ಬರ್ತೀನಿ."

ಮಂಗಳವಾರ ಮೊದಲ ಬಾರಿ ರಜೆ ಹಾಕಿದರು. ಕಿವಿ ಪರೀಕ್ಷಿಸುವ ಗಾಜಿನ ಗೂಡಿನಲ್ಲಿ ಅರ್ಧ ಗಂಟೆ ಕೂತರು. ತಾವು ಬೇರೆಯದನ್ನು ಪರೀಕ್ಷಿಸುವ ಬದಲು, ತಮ್ಮನ್ನೇ ಪರೀಕ್ಷಿಸುವ ಸದ್ದುಗಳಿಗೆ ಕೈ ಎತ್ತಬೇಕಾಗಿತ್ತು. ಫಲಿತಾಂಶ ಮಿಶ್ರವಾಗಿತ್ತು. ಬಲಗಿವಿ ಇಪ್ಪತ್ತರ ಹುಡುಗಿಯದಂತಿದೆ ಎಂದರು ಪರೀಕ್ಷಕಿ. ಎಡಗಿವಿಯಲ್ಲಿ ಸಣ್ಣ ಸದ್ದುಗಳು ತುಸು ಕಮ್ಮಿ.

ಬುಧವಾರ ಬೆಳಿಗ್ಗೆ ಆ ಕಾಗದವನ್ನು ಬಚ್ಚಿಡದೆ ಛಾಬ್ರಾ ಅವರ ಮೇಜಿನ ಮೇಲಿಟ್ಟರು. "ಎಡಗಿವಿ ಸ್ವಲ್ಪ ಕಮ್ಮಿ ಇದೆ ಸಾಹೇಬ್. ಅದಕ್ಕೇ ನನ್ನ ಕಿವಿ ನಂಬಬೇಡಿ ಅಂತೀನಿ. ನಿಮ್ಮ ಕಿವಿ ನಂಬಿ. ನಾನು ಹೇಳ್ತೀನಿ, ನೀವು ಕೇಳಿ ಬರೀರಿ. ನಾನು ಏನು ಹೇಳ್ತೀನಿ ಅಂತ ಮೊದಲೇ ಗೊತ್ತಿರಬಾರದು, ಅಷ್ಟೇ."

ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲವೆಂದು ಛಾಬ್ರಾ ಒಪ್ಪಿದರು. ಚಂದ್ರಪ್ರಭಾ ರಜಾಯಿ ಕೋಣೆಯಲ್ಲಿ ಕೂತರು. ಇನ್ನೊಂದು ತುದಿಯಲ್ಲಿ ಮೂವರು ಒಬ್ಬರ ನಂತರ ಒಬ್ಬರು ಕೂತರು: ಛಾಬ್ರಾ, ಕಾರ್ತಿಕೇಯ, ಪ್ಯಾಕಿಂಗ್ ವಿಭಾಗದ ಗಢವಾಲ್ ಬೆಟ್ಟದ ಕಡೆಯ ಹೆಂಗಸು ವಿಮಲಾ ರಾವತ್. ಐವತ್ತು ಅಂಕಿ, ಹಿಂದುಮುಂದಾಗಿ, ಮೆಲುದನಿಯಲ್ಲಿ, ಒಂದೊಂದರ ನಡುವೆ ಐದು ಸೆಕೆಂಡ್ ಮೌನ. ಮೂರು ಹಾಳೆಗಳನ್ನೂ ಪಟ್ಟಿಯ ಪಕ್ಕ ಇಟ್ಟು ನೋಡಿದರು. ವಿಮಲಾ ಎಂಟು ಕಡೆ ತಪ್ಪಿದ್ದರು. ಛಾಬ್ರಾ ಹನ್ನೊಂದು ಕಡೆ. ಹಿಂದಿಯಲ್ಲಿ ತುಸು ಹಿಂದುಳಿದ ಕಾರ್ತಿಕೇಯ ಹದಿಮೂರು ಕಡೆ. ಹೆಚ್ಚಿನವೆಲ್ಲ ಸಕಾರದಿಂದ ಶುರುವಾಗುವ ಅಂಕಿಗಳೇ. ಅರವತ್ತು ಇದ್ದಲ್ಲಿ ಮೂವರೂ ಎಂಟು ಎಂದು ಬರೆದಿದ್ದರು.

"ನಾನು ಹುಟ್ಟಿದ್ದೇ ಹಿಂದಿ ಊರಲ್ಲಿ," ಎಂದರಂತೆ ಛಾಬ್ರಾ, ಹಾಳೆಯನ್ನು ಕೆಳಗಿಡದೆ.

"ಅದಕ್ಕೇ ನಿಮಗೆ ಗೊತ್ತಾಗಲಿಲ್ಲ ಸಾಹೇಬ್. ಮಾತಿನ ಮಧ್ಯೆ ಆದ್ರೆ ನೀವು ಊಹೆ ಮಾಡಿಕೊಳ್ತೀರಿ. ನಾನು ಅಕ್ಷರ ಹಿಡಿದು ಕಲಿತವಳು, ನನಗೆ ಊಹೆ ಬರಲ್ಲ. ಡಾಕ್ಟರು ನಿಮಿಷಕ್ಕೆ ಅರವತ್ತು ಹನಿ ಗ್ಲೂಕೋಸ್ ಬಿಡಿ ಅಂದಾಗ ಎಂಟು ಹನಿ ಅಂತ ಕೇಳಿಸಿದ್ರೆ, ಹೊಸ ನರ್ಸ್ ಎಂಟೇ ಬಿಡ್ತಾಳೆ."

ಛಾಬ್ರಾ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ, ಹತ್ತು ದಿನ ತಡವಾಗುತ್ತದೆ ಎಂದು ಹೇಳಿದರು. ಕಾರಣವನ್ನೂ ಮುಚ್ಚಿಡಲಿಲ್ಲ. ಲಾರಿ ಬರಲಿಲ್ಲ.

ಕಾರ್ತಿಕೇಯ ಅವರಿಗೆ ಮೊದಲ ದಿನ ಅವಮಾನವೆನ್ನಿಸಿತ್ತು. ಎರಡನೇ ದಿನದಿಂದ ಕುತೂಹಲ ಹಿಡಿಯಿತು. ಸ ಎನ್ನುವುದು ಬರಿಯ ಉಸಿರಿನ ಸದ್ದು, ಅದಕ್ಕೆ ಬಲ ಕಮ್ಮಿ. ಅದು ಬಂದಾಗ ಚಿಪ್‌ನ ಬಾಗಿಲು ಇನ್ನೂ ಮುಚ್ಚಿರುತ್ತದೆ, ಹಿಂದಿನಿಂದ ಬರುವ 'ಆ'ಕಾರಕ್ಕಷ್ಟೇ ತೆರೆಯುತ್ತದೆ. ಸಾಠ್ ಬಾಗಿಲ ಹೊರಗೆ ಸಕಾರವನ್ನು ಬಿಟ್ಟು ಒಳಗೆ ಬರುತ್ತಿತ್ತು. ಸೌಲಭ್ಯವನ್ನೇ ತೆಗೆದುಹಾಕಿದರೆ ಹಳ್ಳಿಯ ಲೈನು ತಾಳುವುದಿಲ್ಲ. ಚಿಪ್ ತಯಾರಿಸಿದ ವಿದೇಶಿ ಇಂಜಿನಿಯರುಗಳೊಂದಿಗೆ ಆರು ದಿನ ಮೇಲ್ ಓಡಾಡಿತು. ಕೊನೆಗೆ, ಬಾಗಿಲು ತೆರೆಯುವ ಮುಂಚಿನ ಚೂರು ದನಿಯನ್ನೂ ಹಿಡಿದಿಟ್ಟುಕೊಂಡು ಅದನ್ನೇ ಮೊದಲು ಕಳಿಸುವಂತೆ ತಂತ್ರಾಂಶ ಬದಲಾಯಿಸಿದರು. ಪ್ರತಿ ತಿದ್ದುಪಡಿಗೂ ಚಂದ್ರಪ್ರಭಾ ಕೂತು ಓದಿದರು. ಮೊದಲ ಸಲ ಐವತ್ತರಲ್ಲಿ ಐದು ತಪ್ಪು, ಆಮೇಲೆ ಎರಡು. ಎಂಟನೇ ದಿನ ವಿಮಲಾ ತಮ್ಮ ಹಾಳೆ ಹಿಡಿದುಕೊಂಡು ಹೊರಗೆ ಬಂದಾಗ ಐವತ್ತೂ ಸರಿಯಿದ್ದವು. "ಕಿವಿಗೆ ಹೇಳಿಕೊಟ್ಟು ಬರೆಸಿದ ಹಾಗಿತ್ತು ದೀದಿ," ಎಂದರು ವಿಮಲಾ.

ನಾಲ್ಕುನೂರಕ್ಕೂ 'ಚಂ' ಬಿತ್ತು. ಹೇಳಿದ ದಿನಕ್ಕೇ ಲಾರಿ ಹೋಯಿತು.

ಈಗ ಒಂದು ವರ್ಷವಾಗಿದೆ. ಆ ಚಿಕಿತ್ಸಾಲಯಗಳಿಂದ ಮಾತು ಸರಿ ಕೇಳುವುದಿಲ್ಲವೆಂದು ಒಂದು ದೂರೂ ಬಂದಿಲ್ಲ. ಕಾರ್ಖಾನೆಯಲ್ಲಿ ಎರಡು ಬದಲಾವಣೆಯಾಗಿವೆ. ಪರೀಕ್ಷಾ ಯಂತ್ರ ಈಗ ಬರಿಯ ಪೀಂ ಎಂಬ ಸದ್ದು ಹಾಕುವುದಿಲ್ಲ. ಕಾರ್ತಿಕೇಯ ಚಂದ್ರಪ್ರಭಾ ಅವರ ಮೆಲುದನಿಯನ್ನೇ ಮುದ್ರಿಸಿ ಅದಕ್ಕೆ ತುಂಬಿದ್ದಾರೆ. ಪ್ರತಿ ಪೆಟ್ಟಿಗೆಯೂ ಮೊದಲು ಆ ದನಿಯನ್ನು ದಾಟಬೇಕು, ಆಮೇಲೆ ಆ ಕಿವಿಯನ್ನು. ಇನ್ನೊಂದು ಬದಲಾವಣೆ ಚಂದ್ರಪ್ರಭಾ ತಾವೇ ಕೇಳಿ ಮಾಡಿಸಿಕೊಂಡದ್ದು: ವರ್ಷಕ್ಕೊಮ್ಮೆ ಅವರ ಕಿವಿ ಪರೀಕ್ಷೆಯಾಗುತ್ತದೆ, ಅದರ ಕಾಗದ ಛಾಬ್ರಾ ಅವರ ಕಡತದಲ್ಲಿ ಸೇರುತ್ತದೆ. ಬಲಗಿವಿ ಇಳಿಯತೊಡಗಿದ ದಿನ ತಾವೇ ಎದ್ದು ಹೋಗುವುದಾಗಿ ಹೇಳಿದ್ದಾರೆ. ಹಾಗೆ ಹೇಳುವಾಗ ದನಿಯಲ್ಲಿ ಬೇಸರವಿಲ್ಲ. "ಅಷ್ಟರಲ್ಲಿ ವಿಮಲಾನ ತಯಾರು ಮಾಡಿರ್ತೀನಿ. ಅವಳ ಕಿವಿ ನನಗಿಂತ ಚುರುಕು. ಊಹೆ ಮಾಡೋ ಚಾಳಿ ಒಂದು ಬಿಡಿಸಬೇಕು."

ಎಂಟು ಗಂಟೆಗೆ ಎದುರಿನ ಕಸೂತಿ ಯಂತ್ರಗಳು ಶುರುವಾಗುತ್ತವೆ. ಚಂದ್ರಪ್ರಭಾ ಐದು ನಿಮಿಷದ ಬಿಡುವಿಗೆ ಹೊರಗೆ ಬಂದು, ಚಹಾದಂಗಡಿಯ ಭಯ್ಯಾ ತಂದಿಟ್ಟ ಗ್ಲಾಸನ್ನು ಸೆರಗಿನಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಮೊದಲು ಇಲ್ಲ ಎನ್ನುತ್ತಾರೆ. ಚಹಾ ಅರ್ಧವಾದ ಮೇಲೆ ಒಂದಿದೆ ಎನ್ನುತ್ತಾರೆ.

"ಈ ಪೆಟ್ಟಿಗೆಗಳು ಮೀರತ್, ಜೈಪುರ, ಪಟ್ನಾ ಎಲ್ಲಾ ಕಡೆ ಹೋಗಿವೆ. ನಮ್ಮ ಕಡೆಗೆ ಒಂದೂ ಹೋಗಿಲ್ಲ. ಯಾವತ್ತಾದ್ರೂ ಕರ್ನಾಟಕದ ಆರ್ಡರ್ ಬಂದ್ರೆ ಕನ್ನಡದಲ್ಲೇ ಓದಿ ಪಾಸ್ ಮಾಡಬೇಕು ಅಂತ ಆಸೆ. ಅಂಕಿಗಳನ್ನ ಬರೆದಿಟ್ಟಿದೀನಿ ಆಗಲೇ. ಗಿರಣಿ ಬೋರ್ಡಿನಲ್ಲಿದ್ದಾಗ ದಿನಾ ಜಗಳ ಆಗ್ತಿದ್ದಿದ್ದು ಎರಡೇ ಅಂಕಿಗೆ. ಇಪ್ಪತ್ತು ಬೇಲ್ ಬಟ್ಟೆ ಅಂದ್ರೆ ಎಪ್ಪತ್ತು ಅಂತ ಬರ್ಕೊಳ್ಳೋರು, ಎಪ್ಪತ್ತು ಅಂದ್ರೆ ಇಪ್ಪತ್ತು. ಹದಿನಾಲ್ಕು ವರ್ಷ ನಾನು ಒಂದೊಂದನ್ನೂ ಎರಡೆರಡು ಸಲ ಹೇಳಿದೀನಿ." ಗ್ಲಾಸು ಖಾಲಿ ಮಾಡಿ ಏಳುತ್ತಾರೆ. "ನನ್ನ ಕೈಲಿ ಪಾಸಾದ ಫೋನಿನಲ್ಲಿ ಒಂದೇ ಸಲ ಹೇಳಿದ್ರೆ ಸಾಕು."